ಪಂದ್ಯ ನಿಲ್ಲಿಸಿದ ಒಕ್ಕೂಟ

ಕ್ರೀಡಾ ಒಕ್ಕೂಟಗಳು ಹೊಸ ಹೊಸ ಪಂದ್ಯಾವಳಿ ಹುಟ್ಟುಹಾಕುವುದನ್ನು ನೋಡಿದ್ದೇವೆ. ಜನ ಸೇರುತ್ತಿದ್ದ, ಹೆಸರು ತರುತ್ತಿದ್ದ ರಾಷ್ಟ್ರೀಯ ಪಂದ್ಯಾವಳಿಯೊಂದನ್ನು ತಾನಾಗಿ ನಿಲ್ಲಿಸಿದ ಒಕ್ಕೂಟ ಅಪರೂಪ. ಅಖಿಲ ಜಪಾನ್ ಜೂಡೋ ಒಕ್ಕೂಟ 2022ರ ಮಾರ್ಚ್‌ನಲ್ಲಿ ಹಾಗೆ ಮಾಡಿತು. ಪ್ರಾಥಮಿಕ ಶಾಲೆಯ 5 ಮತ್ತು 6ನೇ ತರಗತಿಯ ಮಕ್ಕಳಿಗೆಂದು 2004ರಿಂದ ನಡೆದುಬಂದಿದ್ದ ವೈಯಕ್ತಿಕ ರಾಷ್ಟ್ರೀಯ ಪಂದ್ಯಾವಳಿಯನ್ನು ಅದು ರದ್ದುಪಡಿಸಿತು. ಹತ್ತು ಹನ್ನೊಂದು ವರ್ಷದ ಮಕ್ಕಳ ತೂಕ ಇಳಿಸುವ ತರಬೇತುದಾರರು, ಪ್ರೇಕ್ಷಕರ ಸಾಲಿನಿಂದ ರೆಫರಿಯ ಮೇಲೆ ಕೂಗಾಡುವ ಹೆತ್ತವರು, ಗೆಲುವಿನ ಹುಚ್ಚು: ಇವೇ ಅದು ಮುಂದಿಟ್ಟ ಕಾರಣಗಳು. ಒಕ್ಕೂಟದ ಏಳು ದಶಕಗಳ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ನಿರ್ಧಾರ ನನಗೆ ಕಾಣುವುದಿಲ್ಲ. ಆದರೆ ಈ ವಿವೇಕ ಅದಕ್ಕೆ ಸುಲಭವಾಗಿ ಬಂದದ್ದಲ್ಲ. ಹೊರಗಿನವರು ಕಿವಿ ಹಿಂಡಿ ಕಲಿಸಿದ್ದು.

1882ರಲ್ಲಿ ಟೋಕಿಯೊದ ಒಂದು ದೇಗುಲದಲ್ಲಿ, ಹನ್ನೆರಡು ಚಾಪೆಯಷ್ಟು ಜಾಗದಲ್ಲಿ, ಜಿಗೊರೊ ಕಾನೊ ಕೊಡೊಕಾನ್ ಶಾಲೆ ಆರಂಭಿಸಿದರು. ಅವರು ವೃತ್ತಿಯಿಂದ ಶಿಕ್ಷಕರು. ಹಳೆಯ ಜುಜುತ್ಸುವಿನಿಂದ ಪ್ರಾಣಾಪಾಯದ ಪಟ್ಟುಗಳನ್ನು ಸೋಸಿ ತೆಗೆದು, ಎದುರಾಳಿಗೆ ಏಟಾಗದಂತೆ ಬೀಳಿಸುವ, ತನಗೆ ಏಟಾಗದಂತೆ ಬೀಳುವ ಜೂಡೋ ಕಲೆಯನ್ನು ಕಟ್ಟಿದರು. ಶಕ್ತಿಯನ್ನು ಹಿತಮಿತವಾಗಿ ಬಳಸುವುದು, ತನ್ನ ಏಳಿಗೆಯ ಜೊತೆ ಇನ್ನೊಬ್ಬರ ಏಳಿಗೆಯನ್ನೂ ಬಯಸುವುದು ಅವರ ಎರಡು ಮೂಲ ಸೂತ್ರಗಳು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ ಶಾಲೆಗಳಲ್ಲಿ ಸಮರಕಲೆಗಳಿಗೆ ನಿಷೇಧ ಬಿತ್ತು. 1949ರಲ್ಲಿ ಒಕ್ಕೂಟ ಹುಟ್ಟಿದಾಗ ಅದರ ಅಧ್ಯಕ್ಷತೆ ಕಾನೊ ಅವರ ಮಗ ರಿಸೆಯ್ ಕಾನೊ ಅವರದಾಯಿತು. ಕೊಡೊಕಾನ್‌ಗೂ ಅವರೇ ಮುಖ್ಯಸ್ಥರು. ಆ ಮನೆತನದ ಹಿಡಿತ 2009ರವರೆಗೆ ಮುಂದುವರಿಯಿತು. ಆಮೇಲೆ ಬಂದ ಹರುಕಿ ಉಎಮುರಾ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಚಿನ್ನದ ವಿಜೇತ, ಎರಡೂ ಕುರ್ಚಿಗಳಲ್ಲಿ ಕುಳಿತರು. ಕಪ್ಪು ಪಟ್ಟಿಯ ದರ್ಜೆ ಕೊಡುವುದು ಕೊಡೊಕಾನ್, ರಾಷ್ಟ್ರೀಯ ತಂಡವನ್ನು ಆರಿಸುವುದು ಒಕ್ಕೂಟ. ಎರಡರ ಬೀಗದ ಕೈಯೂ ಒಬ್ಬರ ಸೊಂಟದಲ್ಲೇ ಇದ್ದರೆ ಶಿಷ್ಯರು ಯಾರ ಬಳಿ ದೂರು ಹೇಳಬೇಕು?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಲಂಡನ್ ಒಲಿಂಪಿಕ್ಸ್ ಮುಗಿದ ಮೇಲೆ. 2012ರ ಕೊನೆಯಲ್ಲಿ 15 ಮಂದಿ ಉನ್ನತ ದರ್ಜೆಯ ಮಹಿಳಾ ಪಟುಗಳು ಒಕ್ಕೂಟವನ್ನು ಬದಿಗಿಟ್ಟು ನೇರವಾಗಿ ಜಪಾನ್ ಒಲಿಂಪಿಕ್ ಸಮಿತಿಗೆ ಪತ್ರ ಬರೆದರು. ಮುಖ್ಯ ತರಬೇತುದಾರ ರ್‍ಯುಜಿ ಸೊನೊದಾ ಮತ್ತವರ ಸಹಾಯಕರು ತಮ್ಮನ್ನು ಹೊಡೆಯುತ್ತಾರೆ, ಹೀಯಾಳಿಸುತ್ತಾರೆ ಎಂಬುದು ದೂರು. ವಿಷಯ ಒಕ್ಕೂಟಕ್ಕೆ ಮೊದಲೇ ಗೊತ್ತಿತ್ತು. ಬುದ್ಧಿಮಾತು ಹೇಳಿ, ಅದೇ ವ್ಯಕ್ತಿಯನ್ನು ಹುದ್ದೆಯಲ್ಲಿ ಮುಂದುವರಿಸಿತ್ತು. 2013ರ ಜನವರಿಯಲ್ಲಿ ಸುದ್ದಿ ಬಯಲಾದ ಮೇಲಷ್ಟೇ ಸೊನೊದಾ ಕೆಳಗಿಳಿದರು. ಹಿಂದೆಯೇ ತರಬೇತುದಾರರಿಗೆಂದು ಬಂದ ಸರ್ಕಾರಿ ಅನುದಾನದ ದುರ್ಬಳಕೆಯೂ ಹೊರಬಿತ್ತು. ಸರ್ಕಾರವೇ ಎಚ್ಚರಿಕೆ ಕೊಟ್ಟ ಮೇಲೆ ಆಗಸ್ಟ್‌ನಲ್ಲಿ ಉಎಮುರಾ ಒಕ್ಕೂಟದ ಅಧ್ಯಕ್ಷತೆ ಬಿಟ್ಟರು. ಕೊಡೊಕಾನ್‌ನ ಕುರ್ಚಿ ಮಾತ್ರ ಉಳಿಯಿತು. ಉಕ್ಕಿನ ಕಂಪನಿಯ ಮುಖ್ಯಸ್ಥ ಶೋಜಿ ಮುನೆಓಕಾ ಒಕ್ಕೂಟದ ಹೊಣೆ ಹೊತ್ತರು. ತನ್ನ ಮಕ್ಕಳ ಮಾತನ್ನು ಊರ ಪಂಚಾಯಿತಿಯಿಂದ ಕೇಳಿ ತಿಳಿಯುವ ಮನೆಯಂತಾಗಿತ್ತು ಈ ಸಂಸ್ಥೆ.

ಹೊಡೆತ ಸುದ್ದಿಯಾಯಿತು, ಅದಕ್ಕಿಂತ ಘೋರವಾದದ್ದು ದಶಕಗಳ ಕಾಲ ಸುದ್ದಿಯೇ ಆಗಿರಲಿಲ್ಲ. ಸಮಾಜಶಾಸ್ತ್ರಜ್ಞ ರ್‍ಯೊ ಉಚಿದಾ ಶಾಲಾ ಅಪಘಾತಗಳ ದಾಖಲೆಗಳನ್ನು ಜಾಲಾಡಿದಾಗ, 1983ರಿಂದಾಚೆಗಿನ ಸುಮಾರು ಮೂರು ದಶಕಗಳಲ್ಲಿ ಜೂಡೋ ಅಭ್ಯಾಸದಿಂದ ಸತ್ತ ವಿದ್ಯಾರ್ಥಿಗಳ ಸಂಖ್ಯೆ 110 ದಾಟಿತ್ತು. ಸತ್ತವರಲ್ಲಿ ಹೆಚ್ಚಿನವರು ಆಗಷ್ಟೇ ಸೇರಿದ ಮಕ್ಕಳು. ಬೀಳುವುದನ್ನು ಸರಿಯಾಗಿ ಕಲಿಯುವ ಮೊದಲೇ ಅವರನ್ನು ಬಲವಾಗಿ ಎತ್ತಿ ಒಗೆಯಲಾಗಿತ್ತು. ತಲೆ ರಭಸದಿಂದ ತಿರುಗಿ ಮೆದುಳಿನ ಮೇಲಿನ ರಕ್ತನಾಳ ಹರಿದಿತ್ತು. ಇದಕ್ಕೆ ತಲೆ ನೆಲಕ್ಕೆ ಬಡಿಯಲೇಬೇಕೆಂದಿಲ್ಲ. ಏಟಾಗದಂತೆ ಬೀಳುವುದನ್ನೇ ಮೊದಲ ಪಾಠವಾಗಿಸಿಕೊಂಡ ಕಲೆಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಜಪಾನಿಗಿಂತ ಎಷ್ಟೋ ಪಾಲು ಹೆಚ್ಚು ನೋಂದಾಯಿತ ಜೂಡೋ ಪಟುಗಳಿರುವ ಫ್ರಾನ್ಸ್‌ನಲ್ಲಿ ಇಂಥ ಸಾವಿನ ಸಾಲು ಇರಲಿಲ್ಲ. ಅಲ್ಲಿ ಜೂಡೋ ಕಲಿಸಲು ಸರ್ಕಾರಿ ಡಿಪ್ಲೊಮಾ ಬೇಕೆಂಬ ಕಾನೂನು 1955ರಿಂದಲೇ ಇದೆ. ಜೂಡೋದ ತವರಿನಲ್ಲಿ ಒಕ್ಕೂಟ ತರಬೇತುದಾರರ ಅರ್ಹತಾ ಪದ್ಧತಿ ತಂದದ್ದು 2013ರಲ್ಲಿ. ಅದೂ ಮಕ್ಕಳನ್ನು ಕಳೆದುಕೊಂಡ ಹೆತ್ತವರು ಸಂಘ ಕಟ್ಟಿ ಬೀದಿಗೆ ಬಂದ ನಂತರ. 2012ರಲ್ಲಿ ಮಾಧ್ಯಮಿಕ ಶಾಲೆಗಳಲ್ಲಿ ಸಮರಕಲೆ ಕಡ್ಡಾಯವಾಗಿ ದೇಶವೆಲ್ಲ ಆತಂಕಗೊಂಡ ನಂತರ. ಆಮೇಲೆ ಸಾವುಗಳು ಗಣನೀಯವಾಗಿ ಇಳಿದವು. ಅಂದರೆ ಅವನ್ನು ಮೊದಲೂ ತಡೆಯಬಹುದಿತ್ತು.

ಹೊಡೆಯದಿದ್ದರೆ ಪದಕ ಬರುವುದಿಲ್ಲ ಎಂಬ ವಾದ ಆಗ ಜೋರಾಗಿತ್ತು. ಫಲಿತಾಂಶ ಬೇರೆಯೇ ಹೇಳಿತು. ಲಂಡನ್‌ನಲ್ಲಿ ಜಪಾನಿಗೆ ದಕ್ಕಿದ್ದು ಒಂದೇ ಚಿನ್ನ. ಪುರುಷರಿಗೆ ಒಂದೂ ಇಲ್ಲ. ಆನಂತರ ಪುರುಷರ ತಂಡದ ಹೊಣೆ ಹೊತ್ತ ಕೊಸೆಯ್ ಇನೊಉಎ ಪಟುಗಳಿಗೆ ಸ್ವಂತವಾಗಿ ಯೋಚಿಸುವುದನ್ನು ಕಲಿಸಲು ಹೊರಟರು. 2016ರ ರಿಯೊದಲ್ಲಿ ಏಳೂ ತೂಕ ವಿಭಾಗಗಳಲ್ಲಿ ಪುರುಷರು ಪದಕ ಗೆದ್ದರು. ಟೋಕಿಯೊದಲ್ಲಿ ಜಪಾನ್ ಒಟ್ಟು 9 ಚಿನ್ನ ಗೆದ್ದಿತು. ಆದರೂ ಈ ಲೆಕ್ಕವನ್ನು ನಾನು ಅನುಮಾನದಿಂದಲೇ ಮುಂದಿಡುತ್ತೇನೆ. ಹೊಡೆಯದೆಯೂ ಗೆಲ್ಲಬಹುದು ಎಂಬುದು ಹೊಡೆಯದಿರಲು ಕಾರಣವಾಗಬಾರದು. ಪ್ಯಾರಿಸ್‌ನಲ್ಲಿ ಚಿನ್ನ 3ಕ್ಕೆ ಇಳಿಯಿತು. ಹಾಗೆಂದು ಬೆತ್ತ ಮರಳಬೇಕೇ?

2022ರ ನಿರ್ಧಾರದ ಬೆಲೆ ಇರುವುದು ಇಲ್ಲೇ. ಆಗ ಅಧ್ಯಕ್ಷರಾಗಿದ್ದವರು ಯಸುಹಿರೊ ಯಮಾಶಿತಾ. 1984ರ ಲಾಸ್ ಏಂಜಲೀಸ್‌ನಲ್ಲಿ ಕಾಲಿನ ಗಾಯದೊಂದಿಗೇ ಚಿನ್ನ ಗೆದ್ದವರು, ಗೆಲುವಿನ ಪ್ರತಿಮೆಯೇ ಆಗಿದ್ದವರು. ಅಂಥವರ ಕಾಲದಲ್ಲಿ ಒಕ್ಕೂಟ, ಯಾವ ಹಗರಣವೂ ಕುತ್ತಿಗೆಗೆ ಬಂದಿಲ್ಲದಾಗ, ತನ್ನ ಮೆರವಣಿಗೆಯೊಂದನ್ನು ತಾನೇ ಕೈಬಿಟ್ಟಿತು. ಮಕ್ಕಳ ಗುರಿಯನ್ನೇ ಕಸಿದಂತಾಯಿತು ಎಂಬ ಆಕ್ಷೇಪ ಬಂತು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕೂಗಾಡುವವರು ದೊಡ್ಡವರು, ಪಂದ್ಯ ಕಳೆದುಕೊಂಡವರು ಮಕ್ಕಳು. ಪಂದ್ಯ ರದ್ದುಪಡಿಸುವುದು ಒಂದು ಸುತ್ತೋಲೆಯಲ್ಲಿ ಆಗುವ ಕೆಲಸ. ತರಬೇತುದಾರನ ಮನಸ್ಸು ಬದಲಿಸುವುದು ಹಾಗಲ್ಲ. ಮಕ್ಕಳ ತಂಡ ಪಂದ್ಯಾವಳಿಗಳು ಉಳಿದುಕೊಂಡಿರುವಾಗ ಅದೇ ಹುಚ್ಚು ಅಲ್ಲಿಗೆ ದಾಟಬಹುದು. ನಿರ್ಧಾರ ಸರಿ, ಆದರೆ ಅರ್ಧ ಎಂಬುದು ನನ್ನ ತೀರ್ಮಾನ.

ಜೂಡೋ ನಮಗೂ ಹೊಸದಲ್ಲ. 1929ರಲ್ಲೇ ರವೀಂದ್ರನಾಥ ಟ್ಯಾಗೋರರು ಶಿಂಜೊ ತಕಗಾಕಿ ಅವರನ್ನು ಶಾಂತಿನಿಕೇತನಕ್ಕೆ ಕರೆಸಿ, ಹೆಣ್ಣುಮಕ್ಕಳಿಗೂ ಅದನ್ನು ಕಲಿಸುವ ಏರ್ಪಾಡು ಮಾಡಿದ್ದರು. ಇಂದು ಬಳ್ಳಾರಿಯ ತೋರಣಗಲ್ಲಿನ ಬಳಿಯ ಕ್ರೀಡಾ ಸಂಸ್ಥೆಯಲ್ಲಿ ಎಳೆಯ ಜೂಡೋ ಪಟುಗಳು ತಯಾರಾಗುತ್ತಿದ್ದಾರೆ. ಭಾರತದ ಜೂಡೋ ಒಕ್ಕೂಟಕ್ಕಾದರೋ 2022ರಲ್ಲಿ ದೆಹಲಿ ಹೈಕೋರ್ಟ್ ಆಡಳಿತಾಧಿಕಾರಿಯನ್ನು ನೇಮಿಸಬೇಕಾಯಿತು. ನಮ್ಮಲ್ಲಿ ಜಗಳ ಕುರ್ಚಿಯದ್ದು, ಚುನಾವಣೆಯದ್ದು, ಯಾವ ಸಂಘ ಅಸಲಿ ಎಂಬುದರದ್ದು. ಮಗುವನ್ನು ಕರಾಟೆಗೋ ಜೂಡೋಗೋ ಸೇರಿಸುವ ಹೆತ್ತವರು ಶುಲ್ಕ ಕೇಳುತ್ತಾರೆ, ಮುಂದಿನ ಬೆಲ್ಟ್ ಯಾವಾಗ ಎಂದು ಕೇಳುತ್ತಾರೆ. ತಲೆಗೆ ಪೆಟ್ಟಾದರೆ ಏನು ಮಾಡಬೇಕೆಂದು ಈ ಮಾಸ್ತರಿಗೆ ಯಾರು ಕಲಿಸಿದ್ದಾರೆ, ಪೆಟ್ಟಾದದ್ದನ್ನು ಯಾರು ಬರೆದಿಡುತ್ತಾರೆ ಎಂದು ಕೇಳುವವರು ಕಡಿಮೆ. ಜಪಾನಿನ ಒಕ್ಕೂಟ ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಲು ನೂರಕ್ಕೂ ಹೆಚ್ಚು ಮಕ್ಕಳ ಜೀವ ತೆತ್ತ ಮೇಲೆ ಹೊರಟಿತು. ನಮ್ಮ ಒಕ್ಕೂಟಗಳು ಅಲ್ಲಿನ ಪಟ್ಟುಗಳ ಜೊತೆಗೆ ಈ ಪಾಠವನ್ನೂ ಎರವಲು ಪಡೆಯಬೇಕು. ಅದಕ್ಕಾಗಿ ಕೋರ್ಟಿನ ಆದೇಶವಾಗಲಿ, ಹೊಸ ಸಾವುಗಳಾಗಲಿ ಬೇಕಿಲ್ಲ.