ಬೀದಿ ಮೂಲೆಯ ದ್ವಿಪದಿ: ಮೂನ್‌ಡಾಗ್‌ನ ಕಿರುಹೊತ್ತಿಗೆಗಳು

ನ್ಯೂಯಾರ್ಕಿನ ಆರನೆಯ ಅವೆನ್ಯೂವಿನ ಮೂಲೆಯೊಂದರಲ್ಲಿ ವರ್ಷಗಟ್ಟಲೆ ನಿಂತು ನುಡಿಸಿದ ಅಂಧ ಸಂಗೀತಗಾರ ಮೂನ್‌ಡಾಗ್‌ನನ್ನು (1916–1999) ಕುರಿತ ಬರಹಗಳು ಸಾಮಾನ್ಯವಾಗಿ ವೇಷದಿಂದಲೇ ತೊಡಗುತ್ತವೆ: ಕೊಂಬಿನ ಶಿರಸ್ತ್ರಾಣ, ನಿಲುವಂಗಿ, ಕೈಯಲ್ಲಿ ಈಟಿ. ಆತ ಸ್ವತಃ ಅಚ್ಚು ಹಾಕಿಸಿ ದಾರಿಹೋಕರಿಗೆ ಮಾರುತ್ತಿದ್ದ ಪದ್ಯ ಮತ್ತು ಸ್ವರಲಿಪಿಯ ಕಿರುಪ್ರಕಟಣೆಗಳು ಆ ವೇಷದ ಸ್ಮರಣಿಕೆಗಳೆಂಬಂತೆ ಅಂಚಿನಲ್ಲಿ ಉಲ್ಲೇಖಗೊಳ್ಳುತ್ತವೆ. ಅವನ್ನು ಪಠ್ಯಗಳೆಂದು ಭಾವಿಸಿ ಓದಿದಾಗ ಕಾಣುವ ಕರ್ತೃವೇ ಬೇರೆ.

ಲೂಯಿಸ್ ಹಾರ್ಡಿನ್ ಎಂಬ ಮೂಲ ಹೆಸರಿನ ಈತ 16ನೆಯ ವಯಸ್ಸಿನಲ್ಲಿ ಸ್ಫೋಟಕ ಸಿಡಿದು ದೃಷ್ಟಿ ಕಳೆದುಕೊಂಡ. ಬ್ರೈಲ್‌ನಲ್ಲಿ ರಚಿಸಿದ ಸಂಗೀತವನ್ನು ಕಣ್ಣುಳ್ಳವರು ಸಾಮಾನ್ಯ ಸ್ವರಲಿಪಿಗೆ ಇಳಿಸಬೇಕಾಗುತ್ತಿತ್ತು. ಅಂದರೆ, ತಾನು ಮಾರುತ್ತಿದ್ದ ಪುಟವನ್ನು ಆತ ಓದಲಾರ. ಈ ಪರಾಧೀನತೆಗೆ ಎದುರಾಗಿ ನಿಲ್ಲುವುದು ರೂಪದ ಬಿಗಿ. ಪದ್ಯದಲ್ಲಿ ಆತ ಒಲಿದದ್ದು ಪ್ರಾಸಬದ್ಧ ದ್ವಿಪದಿಗೆ. ಸಂಗೀತದಲ್ಲಿ ಕ್ಯಾನನ್‌ಗೆ, ಅಂದರೆ ಒಂದು ಧ್ವನಿಯ ಸ್ವರಧಾರೆಯನ್ನು ಇನ್ನೊಂದು ತುಸು ತಡೆದು ಅನುಕರಿಸುವ ರಚನೆಗೆ. ಎರಡರಲ್ಲಿಯೂ ನಿಯಮ ತಪ್ಪಿದರೆ ಕಿವಿ ಕೂಡಲೇ ಗುರುತಿಸುತ್ತದೆ. ಅನ್ಯರ ಕೈ ಹಾಯ್ದು ಬರುವ ಪಠ್ಯಕ್ಕೆ ಇದೇ ಕಾವಲು. ವಿಲಕ್ಷಣನೆಂದು ಹೆಸರಾದವನು ರೂಪದ ವಿಷಯದಲ್ಲಿ ಅತ್ಯಂತ ಸಂಪ್ರದಾಯನಿಷ್ಠನಾಗಿದ್ದ.

ಈ ನಿಷ್ಠೆಗೆ ಬೆಲೆಯೂ ಉಂಟು. ದ್ವಿಪದಿ ಸೂಕ್ತಿಯತ್ತ ಜಾರುತ್ತದೆ; ಪ್ರಾಸ ಕೂಡಿದೊಡನೆ ವಿಚಾರವೂ ಮುಗಿಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಕ್ಯಾನನ್‌ನಲ್ಲಿ ಎರಡನೆಯ ಧ್ವನಿ ಮೊದಲನೆಯದರೊಡನೆ ಸೆಣಸಬಲ್ಲದು. ದ್ವಿಪದಿಯ ಎರಡನೆಯ ಸಾಲು ಹಲವೊಮ್ಮೆ ಮೊದಲನೆಯದಕ್ಕೆ ತಲೆದೂಗುತ್ತದಷ್ಟೆ. ಆತನ ಪದ್ಯ ಸಂಗೀತದ ಎತ್ತರಕ್ಕೆ ಏರದಿದ್ದರೆ ಕಾರಣ ಇಲ್ಲಿದೆ, ವೇಷದಲ್ಲಲ್ಲ.

1969ರಲ್ಲಿ ಕೊಲಂಬಿಯಾ ಸಂಸ್ಥೆ ಹೊರತಂದ ಧ್ವನಿಮುದ್ರಿಕೆಯಿಂದ ಸಂಗೀತಕ್ಕೆ ಮನ್ನಣೆ ದೊರೆಯಿತು. 1974ರಲ್ಲಿ ಆತ ಜರ್ಮನಿಗೆ ಹೋಗಿ ಅಲ್ಲಿಯೇ ನೆಲೆಸಿದ. ಧ್ವನಿಮುದ್ರಿಕೆಗೆ ಕಂಪನಿಯ ಹೆಸರು, ಕ್ರಮಸಂಖ್ಯೆಗಳಿರುತ್ತವೆ. ಕೈಯಿಂದ ಕೈಗೆ ಹೋದ ಹಾಳೆಗೆ ಅಂಥ ಆಸರೆಯಿಲ್ಲ. ಅದು ವಿರಳವಾಗುವುದು ಅಚ್ಚಾದ ಪ್ರತಿಗಳ ಕೊರತೆಯಿಂದ ಮಾತ್ರವಲ್ಲ, ಕಾದಿಡಲು ತಕ್ಕ ವರ್ಗವೊಂದು ಇಲ್ಲದಿರುವುದರಿಂದಲೂ.

ಗಡಿನಾಡಿನ ಕನ್ನಡ ಅಧ್ಯಯನಕ್ಕೆ ಈ ಪ್ರಶ್ನೆ ಹೊರಗಿನದಲ್ಲ. ಜಾತ್ರೆಗಳಲ್ಲಿ ಮಾರಾಟವಾಗುವ ತತ್ವಪದ, ಲಾವಣಿಗಳ ಅಗ್ಗದ ಹೊತ್ತಿಗೆಗಳೂ ಹಾಡುಗಾರಿಕೆಯ ಪುರಾವೆಗಳಾಗಿ ಸಂಗ್ರಹಗೊಳ್ಳುತ್ತವೆ. ಛಂದಸ್ಸು, ಪಾಠಭೇದ, ಅಚ್ಚಿನ ಚರಿತ್ರೆಗಳ ಪರಿಶೀಲನೆಗೆ ಒಳಗಾಗುವುದು ಅಪರೂಪ. ಕೊಂಡವನು ಮನೆಗೆ ಹೋಗಿ ಓದಲೆಂದೇ ಹಾಡುಗಾರ ಅಚ್ಚು ಹಾಕಿಸುತ್ತಾನೆ. ವಿಮರ್ಶೆಯೂ ಅಷ್ಟು ಮಾಡಿದರೆ ಸಾಕು.