ಹೊನ್ನಿನ ಗುಂಡಿ: ಒಂದು ಬಾಲಕಾದಂಬರಿಯ ವಿಮರ್ಶೆ

ಆಂಗ್ಲ ಲೇಖಕಿ ಈಡಿತ್ ನೆಸ್ಬಿಟ್ (1858–1924) ರಚಿಸಿದ ‘ಫೈವ್ ಚಿಲ್ಡ್ರನ್ ಅಂಡ್ ಇಟ್’ ಎಂಬ ಬಾಲಕಾದಂಬರಿಯು 1902ರಲ್ಲಿ ಪ್ರಕಟವಾಯಿತು. ದುರಾಶೆಯ ಕೇಡನ್ನು ಬೋಧಿಸುವ ನೀತಿಕಥೆಯೆಂದು ಇದನ್ನು ಗ್ರಹಿಸುವುದು ಸುಲಭ. ಆದರೆ ಆ ಗ್ರಹಿಕೆಯು ಕೃತಿಯ ಹೃದಯವನ್ನು ಮುಟ್ಟುವುದಿಲ್ಲ.

ಕಥಾವಸ್ತುವು ಸರಳವಾದುದು. ಜಲ್ಲಿಯ ಗುಂಡಿಯೊಂದರಲ್ಲಿ ಅಗೆಯುತ್ತಿರುವ ಮಕ್ಕಳಿಗೆ ‘ಸ್ಯಾಮಿಯಾಡ್’ ಎಂಬ ಮರಳುಯಕ್ಷನು ದೊರೆಯುತ್ತಾನೆ. ಅವನು ದಿನಕ್ಕೊಂದು ವರವನ್ನೀಯುವನು. ವರದ ಫಲವು ಸೂರ್ಯಾಸ್ತಕ್ಕೆ ಅಳಿಯುವುದು. ಮಕ್ಕಳು ಐಶ್ವರ್ಯವನ್ನು ಬೇಡಲು ಗುಂಡಿಯು ಗಿನಿ ನಾಣ್ಯಗಳಿಂದ ತುಂಬುತ್ತದೆ. ಅವು ಹಳೆಯ ನಾಣ್ಯಗಳು. ಇಂಗ್ಲೆಂಡಿನಲ್ಲಿ ಗಿನಿಯ ಟಂಕನವು 1814ರಲ್ಲಿಯೇ ನಿಂತಿತ್ತು. ಪೇಟೆಯ ಅಂಗಡಿಕಾರರು ಅವನ್ನು ಒಲ್ಲೆನ್ನುತ್ತಾರೆ. ಕುದುರೆಯ ವ್ಯಾಪಾರಿಯು ಪೋಲೀಸರನ್ನು ಕರೆಯಿಸುತ್ತಾನೆ.

ಉಡುಪಿಗೆ ಸಮೀಪದ ಅಂಬಲಪಾಡಿಯಲ್ಲಿ ಬೆಳೆದ ಮಗುವಿಗೆ ನಿಧಿಯ ಕಥೆಯು ಹೊಸತಲ್ಲ. ಕೊಪ್ಪರಿಗೆಯನ್ನು ಸರ್ಪವು ಕಾಯುವುದು, ಯೋಗವಿಲ್ಲದವನ ಕೈಯಲ್ಲಿ ಹೊನ್ನು ಇದ್ದಿಲಾಗುವುದು, ಇವು ಕನ್ನಡ ನಾಡಿನ ಪರಿಚಿತ ನಂಬಿಕೆಗಳು. ಅಲ್ಲಿ ಹೊನ್ನೇ ಮಾರ್ಪಡುತ್ತದೆ, ಮಾರ್ಪಡಿಸುವುದು ವಿಧಿ. ನೆಸ್ಬಿಟ್ಟರ ಕಥೆಯಲ್ಲಾದರೋ ಹಗಲೆಲ್ಲ ಹೊನ್ನು ಹೊನ್ನಾಗಿಯೇ ಉಳಿದು, ಪೇಟೆಯ ಸಂದೇಹದಿಂದ ನಿಷ್ಫಲವಾಗುತ್ತದೆ. ಮಕ್ಕಳಿಗೆ ಇಷ್ಟು ಹಣವೆಲ್ಲಿಂದ ಬಂದಿತೆಂಬ ಪ್ರಶ್ನೆಗೆ ಅವರು ಕೊಡಬಲ್ಲ ನಿಜವಾದ ಉತ್ತರವನ್ನು ಹಿರಿಯರು ನಂಬಲಾರರು. ಸಮಾಜವು ಒಪ್ಪಿದಾಗಲೇ ಹಣವು ಹಣವೆಂಬ ಅರಿವು ಇಲ್ಲಿದೆ. ಲೇಖಕಿಯು 1884ರಲ್ಲಿ ಸ್ಥಾಪಿತವಾದ ಫೇಬಿಯನ್ ಸಮಾಜದ ಸ್ಥಾಪಕ ಸದಸ್ಯರಲ್ಲೊಬ್ಬರೆಂಬುದನ್ನು ನೆನೆದರೆ ಈ ಅರಿವು ಆಕಸ್ಮಿಕವೆನಿಸದು.

ದೋಷವೂ ಉಂಟು. ಠಾಣೆಯಲ್ಲಿ ಮಕ್ಕಳು ಉತ್ತರ ಹೇಳಬೇಕಾದಾಗ ಹೊತ್ತು ಮುಳುಗಿ, ಜೇಬುಗಳು ಬರಿದಾಗುತ್ತವೆ. ಸೂರ್ಯಾಸ್ತದ ನಿಯಮವು ಮಕ್ಕಳನ್ನಲ್ಲದೆ ಲೇಖಕಿಯನ್ನೂ ಕಷ್ಟದಿಂದ ಪಾರುಮಾಡುತ್ತದೆ. ಪ್ರಕರಣದಿಂದ ಪ್ರಕರಣಕ್ಕೆ ಇದೇ ಉಪಾಯವು ಮರುಕಳಿಸುವುದರಿಂದ ಕುತೂಹಲವು ಕುಗ್ಗುತ್ತದೆ.

ಮಂಗಳೂರಿನಲ್ಲಿ 1921ರಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದ ಪಂಜೆ ಮಂಗೇಶರಾಯರು (1874–1937) ಹೊರಗಿನ ಕಥೆಗಳನ್ನು ಕನ್ನಡದ ಮಕ್ಕಳಿಗೆ ಒಗ್ಗಿಸುವ ದಾರಿಯನ್ನು ತೋರಿಸಿದರು. ಆ ದಾರಿಯಲ್ಲಿ ಈ ಕೃತಿಯನ್ನು ಕನ್ನಡಿಸುವವರು ಯಕ್ಷನನ್ನು ಮಲ್ಪೆಯ ಮರಳಿಗೆ ತರಬಹುದು, ಗಿನಿಯನ್ನು ವರಹವಾಗಿಸಬಹುದು. ಹೊನ್ನನ್ನು ಮಾತ್ರ ಇದ್ದಿಲಾಗಿಸಬಾರದು. ತರಗತಿಯಲ್ಲಿ ಪಾಠ ಹೇಳುವವರೂ ಕೊನೆಗೊಂದು ನೀತಿವಾಕ್ಯವನ್ನು ಅಂಟಿಸಬಾರದು. ಹಾಗೆ ಮಾಡಿದಲ್ಲಿ ತಪ್ಪೆಲ್ಲವೂ ಮಕ್ಕಳದೆಂದಾಗುವುದು. ಕೃತಿಯು ಹಿರಿಯರಿಗೆ ಹಾಕಿದ ಪ್ರಶ್ನೆಯು ಅಳಿಸಿಹೋಗುವುದು.