ಚಿನ್ನದ ಹಾಳೆಯ ಲೆಕ್ಕ

ನವಲಗುಂದದ ಎರಿ ಹೊಲದಲ್ಲಿ ಬಿದ್ದ ಮಳೆ ಅಳೆಯಲು ಬಯಲಲ್ಲೊಂದು ಪಾತ್ರೆ ಇಟ್ಟರೆ ಸಾಕು. ಆದರೆ ಅಣು ರಿಯಾಕ್ಟರಿನೊಳಗೆ ಸುರಿಯುವ ನ್ಯೂಟ್ರಾನುಗಳಿಗೆ ವಿದ್ಯುದಂಶವಿಲ್ಲ, ಹಾಗಾಗಿ ಅವು ನೇರವಾಗಿ ಸುಳಿವು ಕೊಡವು. ಅವನ್ನು ಹಿಡಿಯುವ ಪಾತ್ರೆ ಚಿನ್ನದ ತೆಳು ಹಾಳೆ. ಈ ಉಪಾಯದ ಸೊಗಸಿಗೆ ನಾನು ಮಾರುಹೋಗಿದ್ದೇನೆ.

ಹಾಳೆಯನ್ನು ರಿಯಾಕ್ಟರಿನಲ್ಲಿ ಗೊತ್ತಾದಷ್ಟು ಹೊತ್ತು ಇಟ್ಟು ತೆಗೆಯುತ್ತಾರೆ. ನ್ಯೂಟ್ರಾನ್ ನುಂಗಿದ ಚಿನ್ನ-197 ವಿಕಿರಣಶೀಲ ಚಿನ್ನ-198 ಆಗುತ್ತದೆ; ಅದರ ಅರ್ಧಾಯುಷ್ಯ ಸುಮಾರು 2.7 ದಿನ. ಅದು ಸೂಸುವ 412 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಕಿರಣಗಳನ್ನು ಎಣಿಸಿ, ಹಾಳೆಯ ತೂಕವನ್ನೂ ಕಾಲವನ್ನೂ ಲೆಕ್ಕಕ್ಕೆ ಹಿಡಿದರೆ, ಸೆಕೆಂಡಿಗೆ ಒಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ನ್ಯೂಟ್ರಾನ್ ಹಾದವೆಂದು ತಿಳಿಯುತ್ತದೆ; ಇದೇ ನ್ಯೂಟ್ರಾನ್ ಪ್ರವಾಹ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕ್ಯಾಡ್ಮಿಯಂ ಲೋಹದ ಕೆಲಸ. ಇನ್ನೊಂದು ಹಾಳೆಗೆ ಅದರ ಹೊದಿಕೆ ಹಾಕಿದರೆ ನಿಧಾನಗತಿಯ ನ್ಯೂಟ್ರಾನುಗಳೆಲ್ಲ ಅದರಲ್ಲೇ ಹೀರಿಹೋಗುತ್ತವೆ. ಎರಡೂ ಹಾಳೆಗಳ ಎಣಿಕೆಯ ವ್ಯತ್ಯಾಸ ತೆಗೆದರಾಯಿತು, ನಿಧಾನದವುಗಳ ಪಾಲು ಬೇರೆಯಾಗಿ ಸಿಗುತ್ತದೆ. ಎಂಥ ಸರಳ ಜಾಣ್ಮೆ!

ಇಂಥ ನ್ಯೂಟ್ರಾನ್ ಮಳೆ ನಮ್ಮ ದೇಶದಲ್ಲೂ ಸುರಿದಿದೆ. ಮುಂಬಯಿಯ ಟ್ರಾಂಬೆಯಲ್ಲಿನ ಅಪ್ಸರಾ ರಿಯಾಕ್ಟರ್ 1956ರ ಆಗಸ್ಟ್ 4ರಂದು ಚಾಲೂ ಆಯಿತು. ಅದನ್ನು ಕಟ್ಟಿದ ತಂಡದಲ್ಲಿ ತುಮಕೂರು ಸೀಮೆಯಲ್ಲಿ ಹುಟ್ಟಿದ ಭೌತವಿಜ್ಞಾನಿ ರಾಜಾ ರಾಮಣ್ಣ ಇದ್ದರು. ನ್ಯೂಟ್ರಾನ್ ಅವರ ಅಧ್ಯಯನದ ವಿಷಯವೇ ಆಗಿತ್ತು. 2018ರ ಸೆಪ್ಟೆಂಬರಿನಲ್ಲಿ ಅದೇ ಹೆಸರಿನ ಸುಧಾರಿತ ರಿಯಾಕ್ಟರ್ ಶುರುವಾಯಿತು. ಅದರ ಗರಿಷ್ಠ ನ್ಯೂಟ್ರಾನ್ ಪ್ರವಾಹ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 60 ಲಕ್ಷ ಕೋಟಿ ನ್ಯೂಟ್ರಾನ್.